ಮಗು ಶಿಶುವಿಹಾರಕ್ಕೆ ಹೊರಟಾಗ

ಜೂನ್ ತಿಂಗಳ ಮೊದಲ ವಾರದಲ್ಲಿ, ಬೆಳಗ್ಗೆ ಒಂಬತ್ತು ಗಂಟೆಯ ಹೊತ್ತಿಗೆ, ನಮ್ಮ ಪಟ್ಟಣಗಳ ಯಾವ ಶಿಶುವಿಹಾರದ ಮುಂದೆ ಹಾದುಹೋದರೂ ಒಂದೇ ಬಗೆಯ ದೃಶ್ಯ ಕಣ್ಣಿಗೆ ಬೀಳುತ್ತದೆ. ಬೆನ್ನಿಗಿಂತ ದೊಡ್ಡದಾದ ಹೊಸ ಚೀಲ, ಕೊರಳಿಗೆ ನೇತುಹಾಕಿದ ನೀರಿನ ಸೀಸೆ, ಇನ್ನೂ ಗಂಜಿ ಬಿಡದ ಅಂಗಿ. ಅದರೊಳಗೆ ಮೂರು ವರ್ಷದ ಒಂದು ಜೀವ ತಾಯಿಯ ಸೆರಗನ್ನೋ ದುಪಟ್ಟಾವನ್ನೋ ಎರಡು ಕೈಯಿಂದಲೂ ಬಿಗಿಯಾಗಿ ಹಿಡಿದು ನಿಂತಿರುತ್ತದೆ. ಆಯಾ ಬಂದು ಆ ಹಿಡಿಯನ್ನು ಬಿಡಿಸಿ, ಮಗುವನ್ನು ಎತ್ತಿಕೊಂಡು ಒಳಕ್ಕೆ ನಡೆಯುತ್ತಾಳೆ. ಗೇಟು ಮುಚ್ಚುತ್ತದೆ. ಒಳಗಿನಿಂದ ಅಳು ಕೇಳಿಸುತ್ತದೆ. ಹೊರಗೆ ನಿಂತ ತಾಯಿಯ ಕಣ್ಣೂ ಒದ್ದೆಯಾಗುತ್ತದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಸಮಾಧಾನ ಹೇಳುತ್ತಾರೆ: "ಎರಡು ದಿನ ಅಳುತ್ತೆ ಕಣಮ್ಮ, ಆಮೇಲೆ ತಾನಾಗಿ ಸುಮ್ಮನಾಗುತ್ತೆ. ನಾವೆಲ್ಲ ಹೀಗೇ ಅಲ್ಲವೇ ಹೋಗಿದ್ದು?"

ಆ ಮಾತು ಬಹುಮಟ್ಟಿಗೆ ನಿಜವೇ. ಹೆಚ್ಚಿನ ಮಕ್ಕಳು ಸುಮ್ಮನಾಗುತ್ತಾರೆ. ಆದರೆ ಸುಮ್ಮನಾಗುವುದೂ ಹೊಂದಿಕೊಳ್ಳುವುದೂ ಒಂದೇ ಅಲ್ಲವೆಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಮಗುವನ್ನು ಶಾಲೆಯ ದಾಖಲೆಯೊಳಕ್ಕೆ ಸೇರಿಸಲು ಆರು ತಿಂಗಳಿನಿಂದ ಓಡಾಡುವ ನಾವು, ಶಾಲೆಯನ್ನು ಮಗುವಿನ ಮನಸ್ಸಿನೊಳಕ್ಕೆ ಸೇರಿಸಲು ಆರು ದಿನಗಳನ್ನೂ ಮೀಸಲಿಡುವುದಿಲ್ಲ. ಈ ವಾರ ಈ ಎರಡು ಪ್ರವೇಶಗಳ ಬಗ್ಗೆಯೂ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಮೊದಲು ಕಾಗದದ ಪ್ರವೇಶವನ್ನೇ ನೋಡೋಣ. ಅರ್ಜಿ ಫಾರಂ, ಜನನ ಪ್ರಮಾಣಪತ್ರ, ಲಸಿಕೆಯ ಚೀಟಿ, ಭಾವಚಿತ್ರಗಳು, ಇವೆಲ್ಲ ಇರತಕ್ಕವೇ. ಇವುಗಳಿಗಿಂತ ಹೆಚ್ಚಾಗಿ ತಂದೆತಾಯಿಗಳನ್ನು ಕಂಗೆಡಿಸುವುದು ಸಂದರ್ಶನ. ಮೂರು ವರ್ಷದ ಮಗುವನ್ನು ಮೇಜಿನ ಮುಂದೆ ನಿಲ್ಲಿಸಿ ಬಣ್ಣಗಳ ಹೆಸರು ಕೇಳುವುದು, ಅದು ಬಾಯಿ ಬಿಡದಿದ್ದರೆ ತಂದೆತಾಯಿಗಳು ಮುಖ ಮುಖ ನೋಡಿಕೊಳ್ಳುವುದು ಇಂದಿಗೂ ಪೂರ್ತಿ ನಿಂತಿಲ್ಲ. ಅಪರಿಚಿತರ ಮುಂದೆ ಮಾತನಾಡದಿರುವುದು ಆ ವಯಸ್ಸಿನ ಮಗುವಿನ ಆರೋಗ್ಯದ ಲಕ್ಷಣವೇ ಹೊರತು ಅದರ ಬುದ್ಧಿಯ ಅಳತೆಯಲ್ಲ. ಇದನ್ನು ತಿಳಿದವರು ಬಹಳ ಹಿಂದೆಯೇ ಹೇಳಿದ್ದಾರೆ. ಪ್ರೊಫೆಸರ್ ಯಶ್ ಪಾಲ್ ಅವರ ಅಧ್ಯಕ್ಷತೆಯ ಸಮಿತಿ 1993ರಲ್ಲಿ ಸಲ್ಲಿಸಿದ ವರದಿಯಲ್ಲಿ ನರ್ಸರಿ ಪ್ರವೇಶಕ್ಕಾಗಿ ಮಕ್ಕಳನ್ನು ಪರೀಕ್ಷಿಸುವ, ಸಂದರ್ಶಿಸುವ ಪದ್ಧತಿ ನಿಲ್ಲಬೇಕೆಂದು ಸ್ಪಷ್ಟವಾಗಿ ತಿಳಿಸಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ 13ನೆಯ ಕಲಮು ಪ್ರವೇಶಕ್ಕಾಗಿ ವಂತಿಗೆ ವಸೂಲು ಮಾಡುವುದನ್ನೂ, ಮಗುವನ್ನಾಗಲಿ ತಂದೆತಾಯಿಗಳನ್ನಾಗಲಿ ಪರೀಕ್ಷಿಸಿ ಆರಿಸುವುದನ್ನೂ ನಿಷೇಧಿಸಿದೆ. ಹಾಗೆ ಪರೀಕ್ಷಿಸಿದ ಶಾಲೆಗೆ ಮೊದಲ ಸಲ 25,000 ರೂಪಾಯಿಗಳವರೆಗೆ, ಅನಂತರದ ಪ್ರತಿಯೊಂದು ಸಲವೂ 50,000 ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಆದರೆ ಆ ಕಾಯಿದೆ ಮುಖ್ಯವಾಗಿ 6ರಿಂದ 14 ವರ್ಷದ ಮಕ್ಕಳನ್ನು ಕುರಿತದ್ದು. ನರ್ಸರಿಯ ಮಟ್ಟಕ್ಕೆ ಅದು ಎಷ್ಟರಮಟ್ಟಿಗೆ ಅನ್ವಯಿಸುತ್ತದೆಂಬುದು ನ್ಯಾಯಾಲಯದವರೆಗೂ ಹೋದ ಪ್ರಶ್ನೆ. ಕಾನೂನಿನ ಮಾತು ಹೇಗೇ ಇರಲಿ, ಕೂಸನ್ನು ಪರೀಕ್ಷೆಗೆ ನಿಲ್ಲಿಸುವ ಸಂಸ್ಥೆ ಮಕ್ಕಳನ್ನು ಅರಿತ ಸಂಸ್ಥೆಯಲ್ಲವೆಂದು ತಿಳಿಯಲು ನಮಗೆ ಕಾಯಿದೆಯ ಪುಸ್ತಕ ಬೇಕಾಗಿಲ್ಲ.

ವಯಸ್ಸಿನ ವಿಷಯದಲ್ಲಿಯೂ ಅವಸರ ಸಲ್ಲದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 6 ವರ್ಷದವರೆಗಿನ ಮೂರು ವರ್ಷಗಳನ್ನು ಶಾಲಾಪೂರ್ವ ಶಿಕ್ಷಣಕ್ಕೆ ಮೀಸಲಾಗಿಟ್ಟಿದೆ. ನಮ್ಮ ರಾಜ್ಯ ಸರ್ಕಾರ 2022ರಲ್ಲಿ ಹೊರಡಿಸಿದ ಆಜ್ಞೆಯಂತೆ, ಒಂದನೆಯ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು. ಈ ನಿಯಮ 2025–26ರಲ್ಲಿ ಜಾರಿಗೆ ಬರುವ ಹೊತ್ತಿಗೆ ತಂದೆತಾಯಿಗಳಿಂದ ಆಕ್ಷೇಪಣೆ ಬಂದು, ಆ ಒಂದು ವರ್ಷದ ಮಟ್ಟಿಗೆ ವಯಸ್ಸನ್ನು 5 ವರ್ಷ 5 ತಿಂಗಳಿಗೆ ಇಳಿಸಲಾಯಿತು. ಈ ತೊಡಕಿಗೆ ಮೂಲ ಎಲ್ಲಿದೆಯೆಂದರೆ, ಎರಡೂವರೆ ವರ್ಷಕ್ಕೇ ಮಕ್ಕಳನ್ನು ನರ್ಸರಿಗೆ ನೂಕುವ ನಮ್ಮ ಆತುರದಲ್ಲಿ. ಆದ್ದರಿಂದ ನರ್ಸರಿಗೆ ಸೇರಿಸುವ ದಿನವೇ ಬೆರಳು ಮಡಿಚಿ ಲೆಕ್ಕ ಹಾಕಿಕೊಳ್ಳಿರಿ. ಆಯಾ ವರ್ಷದ ಸರ್ಕಾರಿ ಆಜ್ಞೆಯನ್ನು ಒಮ್ಮೆ ವಿಚಾರಿಸಿಕೊಳ್ಳಿರಿ. ಆರು ತಿಂಗಳು ತಡವಾಗಿ ಸೇರಿದ ಮಗು ಏನನ್ನೂ ಕಳೆದುಕೊಳ್ಳುವುದಿಲ್ಲ.

ಶಾಲೆಯನ್ನು ನೋಡಲು ಹೋದಾಗ ಶುಲ್ಕವೆಷ್ಟು, ಹವಾನಿಯಂತ್ರಿತ ಕೊಠಡಿ ಉಂಟೆ ಎಂದು ಕೇಳುವುದರ ಜೊತೆಗೆ ಇನ್ನು ಕೆಲವು ಪ್ರಶ್ನೆಗಳನ್ನು ಕೇಳಬೇಕು. ಒಬ್ಬ ಉಪಾಧ್ಯಾಯಿನಿಯ ಬಳಿ ಎಷ್ಟು ಮಕ್ಕಳು? 2013ರ ರಾಷ್ಟ್ರೀಯ ಶಿಶು ಶಿಕ್ಷಣ ನೀತಿ 3ರಿಂದ 6 ವರ್ಷದ 20 ಮಕ್ಕಳಿಗೆ ಒಬ್ಬರು, 3 ವರ್ಷಕ್ಕಿಂತ ಚಿಕ್ಕವರಾದರೆ 10 ಮಕ್ಕಳಿಗೆ ಒಬ್ಬರು ಎಂದು ಗೊತ್ತುಮಾಡಿದೆ. ಬಚ್ಚಲು ಎಲ್ಲಿದೆ, ಮಗು ತಾನೇ ಹೋಗಿಬರುವಷ್ಟು ಹತ್ತಿರವೆ? ಉಪಾಧ್ಯಾಯಿನಿಗೆ ಮಗುವಿನ ಮನೆಮಾತು ತಿಳಿಯುತ್ತದೆಯೆ? ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಂದುಂಟು: "ಮೊದಲ ಕೆಲವು ದಿನ ನಾವು ಮಗುವಿನ ಜೊತೆ ಒಳಗೆ ಕುಳಿತುಕೊಳ್ಳಬಹುದೆ?" ಈ ಪ್ರಶ್ನೆಗೆ ಬರುವ ಉತ್ತರದಿಂದಲೇ ಆ ಶಾಲೆಯ ಗುಣವನ್ನು ಬಹಳಮಟ್ಟಿಗೆ ಅಳೆಯಬಹುದು.

ಈ ಪ್ರಶ್ನೆಗೆ ನಾನೇಕೆ ಇಷ್ಟು ಬೆಲೆ ಕೊಡುತ್ತೇನೆಂಬುದಕ್ಕೆ ನನ್ನದೇ ಒಂದು ಅನುಭವವನ್ನು ಹೇಳಬೇಕು. ಹಲವು ವರ್ಷಗಳ ಹಿಂದೆ ನನ್ನ ಹಿರಿಯ ಮಗನನ್ನು ನಮ್ಮ ಬಡಾವಣೆಯ ಒಂದು ಶಿಶುವಿಹಾರಕ್ಕೆ ಸೇರಿಸಿದೆ. ಮೊದಲ ದಿನ ಅವನು ನನ್ನ ಕೈ ಬಿಡಲಿಲ್ಲ. ಅಲ್ಲಿನವರು ನನ್ನ ಕಿವಿಯಲ್ಲಿ, "ಅವನು ಆಟದ ಸಾಮಾನು ನೋಡುತ್ತಿರುವಾಗ ನೀವು ಹಿಂದಿನ ಬಾಗಿಲಿನಿಂದ ಹೊರಟುಬಿಡಿ" ಎಂದರು. ಅವನು ಮರದ ಕುದುರೆಯ ಕಡೆ ತಿರುಗಿದ. ನಾನು ಕಳ್ಳಿಯಂತೆ ಹೊರಟುಬಂದೆ. ಎರಡು ದಿನ ಅತ್ತ, ಮೂರನೆಯ ದಿನ ಅಳು ನಿಂತಿತು. "ನಮ್ಮ ಹುಡುಗ ಮೂರೇ ದಿನಕ್ಕೆ ಒಗ್ಗಿಕೊಂಡ" ಎಂದು ಓರಗಿತ್ತಿಯ ಮುಂದೆ ಹೆಮ್ಮೆಯಿಂದ ಹೇಳಿಕೊಂಡದ್ದೂ ಉಂಟು. ಆದರೆ ಮನೆಯಲ್ಲಿ ನಡೆದದ್ದೇ ಬೇರೆ. ನಾನು ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ನಿಂತು ಬಡಿಯುತ್ತಿದ್ದ. ರಾತ್ರಿ ಎದ್ದು ಕತ್ತಲಲ್ಲಿ ಕೈ ಚಾಚಿ ನಾನಿರುವೆನೇ ಎಂದು ತಡವಿ ನೋಡುತ್ತಿದ್ದ. ಮರದ ಕುದುರೆಯನ್ನಂತೂ ಆ ವರ್ಷವೆಲ್ಲ ಮುಟ್ಟಲಿಲ್ಲವಂತೆ; ಆಟದ ಕಡೆ ಮುಖ ತಿರುಗಿಸಿದರೆ ಅಮ್ಮ ಮಾಯವಾಗುತ್ತಾಳೆಂಬ ಪಾಠವನ್ನು ಅವನಿಗೆ ಕಲಿಸಿದವಳು ನಾನೇ. ಈಗ ಅವನಿಗೆ ಅದಾವುದೂ ನೆನಪಿಲ್ಲ. ನನಗೆ ನೆನಪಿದೆ.

ಅಳು ನಿಂತರೆ ಮಗು ಒಗ್ಗಿಕೊಂಡಿತೆಂಬ ನಂಬಿಕೆಯನ್ನು ಮೊದಲು ಪ್ರಶ್ನಿಸಿದವರು ಶಾಲೆಯವರಲ್ಲ, ಆಸ್ಪತ್ರೆಯಲ್ಲಿ ಮಕ್ಕಳನ್ನು ಗಮನಿಸಿದವರು. ಆಗಿನ ಕಾಲದ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ತಂದೆತಾಯಿಗಳಿಗೆ ಮಕ್ಕಳನ್ನು ನೋಡಲು ಬಹಳ ಕಡಿಮೆ ಅವಕಾಶವಿತ್ತು. ಲಂಡನ್ನಿನ ಜೇಮ್ಸ್ ರಾಬರ್ಟ್‌ಸನ್ ಎಂಬುವರು 1952ರಲ್ಲಿ ಒಂದು ಚಲನಚಿತ್ರವನ್ನು ತಯಾರಿಸಿದರು. ಎರಡೂವರೆ ವರ್ಷ ತುಂಬುತ್ತಿದ್ದ ಒಂದು ಹೆಣ್ಣುಮಗು ಸಣ್ಣ ಶಸ್ತ್ರಚಿಕಿತ್ಸೆಗಾಗಿ 8 ದಿನ ಆಸ್ಪತ್ರೆಯಲ್ಲಿದ್ದುದೇ ಅದರ ವಸ್ತು. ಮಗು ಹೆಚ್ಚು ರಂಪ ಮಾಡಲಿಲ್ಲ. ದಿನ ಕಳೆದಂತೆ ಮಂಕಾಯಿತು. ಕಡೆಗೆ ಮನೆಗೆ ಹೊರಟಾಗ ತಾಯಿಯ ಕೈ ಹಿಡಿಯಲು ಒಪ್ಪಲಿಲ್ಲ. ರಾಬರ್ಟ್‌ಸನ್ ಮತ್ತು ಅವರ ಸಹೋದ್ಯೋಗಿ ಜಾನ್ ಬೌಲ್ಬಿ ಇಂಥ ಅಗಲಿಕೆಯಲ್ಲಿ ಮೂರು ಹಂತಗಳನ್ನು ಗುರುತಿಸಿದರು: ಮೊದಲು ಪ್ರತಿಭಟನೆ, ಅನಂತರ ನಿರಾಶೆ, ಕಡೆಗೆ ಹೊರನೋಟಕ್ಕೆ ಶಾಂತಿಯಂತೆ ಕಾಣುವ ಒಂದು ಬಗೆಯ ವಿರಕ್ತಿ. ದಾದಿಯರು "ಮಗು ಚೆನ್ನಾಗಿ ಹೊಂದಿಕೊಂಡಿದೆ" ಎನ್ನುತ್ತಿದ್ದುದು ಆ ಕಡೆಯ ಹಂತವನ್ನು ನೋಡಿ. ಈ ತಿಳಿವಳಿಕೆಯ ಫಲವಾಗಿ 1959ರಲ್ಲಿ ಅಲ್ಲಿನ ಪ್ಲಾಟ್ ಸಮಿತಿ ತಂದೆತಾಯಿಗಳಿಗೆ ಆಸ್ಪತ್ರೆಯ ಬಾಗಿಲು ಸದಾ ತೆರೆದಿರಬೇಕೆಂದು ಶಿಫಾರಸು ಮಾಡಿತು.

ಶಿಶುವಿಹಾರದ ಮೂರು ಗಂಟೆ ಆಸ್ಪತ್ರೆಯ ಎಂಟು ದಿನಗಳಿಗೆ ಸಮವಲ್ಲ, ತಾಯಂದಿರು ಗಾಬರಿಗೊಳ್ಳಬೇಕಾಗಿಲ್ಲ. ಮಗು ಮಧ್ಯಾಹ್ನ ಮನೆಗೆ ಬರುತ್ತದೆ, ಮಡಿಲಲ್ಲಿ ಕುಳಿತು ಅನ್ನ ತಿನ್ನುತ್ತದೆ. ಆದರೂ ಈ ಒಂದು ಮಾತನ್ನು ನಾವು ಅಲ್ಲಿಂದ ಎತ್ತಿಕೊಳ್ಳಬಹುದು: ನೋಡಬೇಕಾದದ್ದು ಅಳು ನಿಂತಿತೇ ಎಂಬುದನ್ನಲ್ಲ, ಅತ್ತಾಗ ಮಗು ಯಾರ ಬಳಿ ಹೋಗುತ್ತದೆ ಎಂಬುದನ್ನು.

ಜರ್ಮನಿಯಲ್ಲಿ 1980ರ ದಶಕದಲ್ಲಿ ರೂಪುಗೊಂಡು ಬರ್ಲಿನ್ ಪದ್ಧತಿಯೆಂದು ಹೆಸರಾದ ಕ್ರಮವೊಂದಿದೆ. ಅದರ ತಿರುಳು ಇದೇ. ಮೊದಲ ಮೂರು ದಿನ ತಾಯಿಯೋ ತಂದೆಯೋ ಮಗುವಿನೊಡನೆ ಬಂದು ಸುಮಾರು ಒಂದು ಗಂಟೆ ಶಾಲೆಯಲ್ಲಿ ಕುಳಿತು, ಮಗುವಿನೊಡನೆಯೇ ಹಿಂತಿರುಗುತ್ತಾರೆ. ಕುಳಿತವರು ಮಗುವನ್ನು "ಹೋಗು, ಆಡು" ಎಂದು ತಳ್ಳುವುದಿಲ್ಲ, ಬಳಿಗೆ ಬಂದರೆ ದೂರ ಮಾಡುವುದೂ ಇಲ್ಲ. ಉಪಾಧ್ಯಾಯಿನಿ ಅವಸರವಿಲ್ಲದೆ, ಆಟದ ಮೂಲಕ ಸ್ನೇಹ ಬೆಳೆಸುತ್ತಾಳೆ. ಈ ಮೂರು ದಿನ ಅಗಲಿಕೆಯ ಮಾತೇ ಇಲ್ಲ. ನಾಲ್ಕನೆಯ ದಿನ ತಾಯಿ ಮಗುವಿಗೆ ಹೇಳಿಯೇ ಹೊರಗೆ ಹೋಗುತ್ತಾಳೆ, ಆದರೆ ಹತ್ತಿರದಲ್ಲೇ ಇರುತ್ತಾಳೆ. ಮಗು ಅತ್ತರೂ ಉಪಾಧ್ಯಾಯಿನಿಯ ಕೈಯಲ್ಲಿ ಸಮಾಧಾನಗೊಂಡರೆ ಈ ಅಗಲಿಕೆಯನ್ನು ಅರ್ಧ ಗಂಟೆಯವರೆಗೆ ನಡೆಸಬಹುದು. ಸಮಾಧಾನವಾಗದಿದ್ದರೆ ಎರಡು ಮೂರು ನಿಮಿಷಗಳಲ್ಲೇ ತಾಯಿ ಹಿಂತಿರುಗಬೇಕು. ಬೇಗ ಒಗ್ಗುವ ಮಗುವಿಗೆ ಸುಮಾರು ಒಂದು ವಾರ ಸಾಕು. ನಿಧಾನವಾಗಿ ಒಗ್ಗುವ ಮಗುವಿಗೆ ಎರಡು ಮೂರು ವಾರ ಬೇಕು. ನೊಂದ ಮಗು ಉಪಾಧ್ಯಾಯಿನಿಯಿಂದ ಸಾಂತ್ವನ ಪಡೆಯಲು ಒಪ್ಪಿದ ದಿನ ಅದು ನಿಜವಾಗಿ ಶಾಲೆಗೆ ಸೇರಿತೆಂದು ಅವರ ಎಣಿಕೆ.

ಇದು ಪರದೇಶದ ಮಾತು, ನಮಗೆ ನಡೆಯದು ಎಂದು ಹೇಳುವವರಿರಬಹುದು. ಆದರೆ ನಮ್ಮ ಅಕ್ಷರಾಭ್ಯಾಸದ ಶಾಸ್ತ್ರವನ್ನು ಒಮ್ಮೆ ನೆನೆದು ನೋಡಿರಿ. ತಂದೆಯ ಅಥವಾ ತಾತನ ತೊಡೆಯ ಮೇಲೆ ಕೂರಿಸಿಕೊಂಡು, ಮಗುವಿನ ಬೆರಳು ಹಿಡಿದು, ತಟ್ಟೆಯ ಅಕ್ಕಿಯಲ್ಲಿ ಮೊದಲ ಅಕ್ಷರ ತಿದ್ದಿಸುವ ಪದ್ಧತಿ ಅದು. ಮಗು ಹೊಸದನ್ನು ಎದುರಿಸುವಾಗ ಬೆನ್ನಿಗೆ ಹಳೆಯ ಆಸರೆ ಇರಬೇಕೆಂಬುದು ನಮ್ಮ ಹಿರಿಯರಿಗೂ ತಿಳಿದಿತ್ತು. ಅಂಗನವಾಡಿಯನ್ನೇ ತೆಗೆದುಕೊಳ್ಳಿರಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದು. ಅಲ್ಲಿ ಸಂದರ್ಶನವಿಲ್ಲ, ವಂತಿಗೆಯಿಲ್ಲ. ಸಹಾಯಕಿ ಅದೇ ಬೀದಿಯವಳು. ಮಗುವನ್ನು ಮನೆಯ ಬಾಗಿಲಿನಿಂದ ಕರೆದೊಯ್ಯುತ್ತಾಳೆ. ಅಜ್ಜಿ ಹೊಸ್ತಿಲಲ್ಲಿ ಕುಳಿತು ನೋಡುತ್ತಿದ್ದರೆ ಯಾರೂ ಬೇಡವೆನ್ನುವುದಿಲ್ಲ. ಕಟ್ಟಡದ ಕೊರತೆ, ಸಾಮಾನಿನ ಕೊರತೆ ಎಷ್ಟೇ ಇರಲಿ, ಈ ಒಂದು ಸೌಲಭ್ಯ ಪಟ್ಟಣದ ದುಬಾರಿ ಶಾಲೆಗಳಲ್ಲಿ ಹಣ ಕೊಟ್ಟರೂ ದೊರೆಯದು.

ಮಾರಿಯಾ ಮಾಂಟೆಸರಿಯವರು 1939ರಲ್ಲಿ ಮದರಾಸಿನ ಅಡಯಾರಿಗೆ ಬಂದು ತರಬೇತಿ ಕೊಟ್ಟ ಮೇಲೆ ನಮ್ಮ ಕಡೆಯೂ ಹಬ್ಬಿದ ಅವರ ಪದ್ಧತಿಯಲ್ಲಿ ಇನ್ನೊಂದು ಜಾಣತನವಿದೆ. ಮೂರು ವರ್ಷದವರೂ ಆರು ವರ್ಷದವರೂ ಒಂದೇ ಕೊಠಡಿಯಲ್ಲಿರುವುದರಿಂದ, ಹೊಸ ಮಗು ಬಂದಾಗ ಅಳುವವರು ನಾಲ್ಕೈದು ಮಂದಿ, ಅಳದವರು ಬಹಳ ಮಂದಿ. ಚಪ್ಪಲಿ ಎಲ್ಲಿ ಬಿಡಬೇಕು, ನೀರೆಲ್ಲಿದೆ ಎಂದು ದೊಡ್ಡ ಮಕ್ಕಳೇ ತೋರಿಸಿಕೊಡುತ್ತಾರೆ. ಉಳಿದ ಶಾಲೆಗಳೂ ಮೂವತ್ತು ಹೊಸ ಮಕ್ಕಳನ್ನು ಒಂದೇ ಬೆಳಗ್ಗೆ ಒಟ್ಟಿಗೆ ಕರೆಯುವುದಕ್ಕೆ ಬದಲಾಗಿ, ದಿನಕ್ಕೆ ಐದಾರು ಮಂದಿಯಂತೆ, ಮೊದಲ ವಾರ ಒಂದೊಂದು ಗಂಟೆಯಂತೆ ಕರೆದರೆ ಆಗುವ ನಷ್ಟವೇನು? ಶಾಲೆಯ ಮುಖ್ಯಸ್ಥರು ಆಲೋಚಿಸಬೇಕು.

ಶಾಲೆಯವರು ಒಳಗೆ ಬಿಡುವುದಿಲ್ಲವೆಂದರೆ ಏನು ಮಾಡುವುದು, ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಏನು ಮಾಡುವುದು ಎಂದು ನೀವು ಕೇಳುತ್ತೀರಿ. ಜಗಲಿಯ ಮೇಲೆ ಒಂದು ಬೆಂಚನ್ನಾದರೂ ಕೇಳಿರಿ. ನಾಲ್ಕು ಮಂದಿ ತಾಯಂದಿರು ಒಟ್ಟಾಗಿ ಕೇಳಿದರೆ ಇಲ್ಲವೆನ್ನುವುದು ಸುಲಭವಲ್ಲ. ಮದುವೆ ಮುಂಜಿಗಳಿಗೆ ಕೂಡಿಡುವ ರಜೆಯಲ್ಲಿ ಒಂದು ವಾರವನ್ನು ತಂದೆಯಾದವನು ಇದಕ್ಕಾಗಿ ತೆಗೆಯಲಿ. ಮಗು ನೆಚ್ಚಿರುವ ಅಜ್ಜಿಯೋ ತಾತನೋ ಸೋದರತ್ತೆಯೋ ಕುಳಿತರೂ ಆದೀತು. ಮನೆ ಬದಲಾಯಿಸುವ ತಿಂಗಳಿನಲ್ಲಿ, ತಮ್ಮನೋ ತಂಗಿಯೋ ಹುಟ್ಟಿದ ವಾರದಲ್ಲಿ ಮಾತ್ರ ಮಗುವನ್ನು ಶಾಲೆಗೆ ಸೇರಿಸಬೇಡಿರಿ. ತನ್ನನ್ನು ಹೊರಗೆ ಹಾಕಿದರೆಂದು ಅದಕ್ಕೆ ತೋರುವುದು ಸಹಜ.

ಬೇಸಿಗೆಯ ರಜೆಯಲ್ಲಿಯೇ ಸಿದ್ಧತೆ ಆರಂಭವಾಗಲಿ. ಸಂಜೆ ತಿರುಗಾಡಲು ಹೋದಾಗ ಶಾಲೆಯ ಮುಂದೆ ಹಾದುಹೋಗಿ, "ಇದು ನಿನ್ನ ಶಾಲೆ" ಎಂದು ತೋರಿಸಿರಿ. ಡಬ್ಬಿಯ ಮುಚ್ಚಳ ತೆಗೆಯುವುದನ್ನೂ ಚಡ್ಡಿ ಇಳಿಸಿಕೊಳ್ಳುವುದನ್ನೂ ಅಭ್ಯಾಸ ಮಾಡಿಸಿರಿ. ಎ ಬಿ ಸಿ ಡಿ ಬರದಿದ್ದರೆ ಚಿಂತೆಯಿಲ್ಲ. "ತುಂಟತನ ಮಾಡಿದರೆ ಸ್ಕೂಲಿಗೆ ಹಾಕಿಬಿಡುತ್ತೇನೆ, ಮಿಸ್ ಹೊಡೆಯುತ್ತಾರೆ" ಎಂದು ವರ್ಷವಿಡೀ ಹೆದರಿಸಿ, ಜೂನ್ ಬಂದೊಡನೆ "ಸ್ಕೂಲು ಬಹಳ ಚೆನ್ನಾಗಿರುತ್ತೆ ಪುಟ್ಟಾ" ಎಂದರೆ ನಂಬುವಷ್ಟು ದಡ್ಡರಲ್ಲ ನಮ್ಮ ಮಕ್ಕಳು.

ಮನೆಯ ಮಾತುಗಳ ಒಂದು ಪಟ್ಟಿಯನ್ನು ಉಪಾಧ್ಯಾಯಿನಿಗೆ ಬರೆದುಕೊಡಿರಿ. ಮಗು ನೀರಿಗೆ ಏನೆನ್ನುತ್ತದೆ, ಮೂತ್ರ ಬಂದರೆ ಹೇಗೆ ಹೇಳುತ್ತದೆ, ನಿದ್ದೆ ಬಂದಾಗ ಏನು ಮಾಡುತ್ತದೆ ಎಂಬುದು ಅದರಲ್ಲಿರಲಿ. ಮನೆಯಲ್ಲಿ "ಒಂದಕ್ಕೆ" ಎಂದು ಕಲಿತ ಮಗು ಇಂಗ್ಲಿಷಿನಲ್ಲೇ ಮಾತನಾಡುವ ಕೊಠಡಿಯಲ್ಲಿ ಬಟ್ಟೆ ಒದ್ದೆ ಮಾಡಿಕೊಂಡರೆ ಅದು ಮಗುವಿನ ತಪ್ಪಲ್ಲ. ಆ ಅವಮಾನ ಮಾತ್ರ ಮಗುವಿನದಾಗುತ್ತದೆ.

ಬೀಳ್ಕೊಡುವುದು ಚಿಕ್ಕದಾಗಿರಲಿ, ಆದರೆ ಪ್ರಾಮಾಣಿಕವಾಗಿರಲಿ. "ಐದೇ ನಿಮಿಷದಲ್ಲಿ ಬರುತ್ತೇನೆ" ಎಂಬ ಸುಳ್ಳು ಬೇಡ. ಮಗುವಿಗೆ ಗಡಿಯಾರ ತಿಳಿಯದು, ಆದರೆ "ಹಾಡು ಆಗುತ್ತೆ, ತಿಂಡಿ ಆಗುತ್ತೆ, ಆಮೇಲೆ ಅಮ್ಮ ಬರುತ್ತೇನೆ" ಎಂಬ ಲೆಕ್ಕ ತಿಳಿಯುತ್ತದೆ. ಹೇಳಿದ ಮೇಲೆ ಹೊರಟುಬಿಡಿರಿ. ಬಾಗಿಲಿನಿಂದ ಮೂರು ಸಲ ಹಿಂತಿರುಗಿ ಬಂದು ಮುತ್ತಿಟ್ಟರೆ ಸಂಕಟ ಇಬ್ಬರಿಗೂ ಹೆಚ್ಚು. ಕರೆತರಲು ಐದು ನಿಮಿಷ ಮುಂಚೆಯೇ ಹೋಗಿ ನಿಂತಿರಿ. ಉಳಿದ ಮಕ್ಕಳೆಲ್ಲ ಹೋದ ಮೇಲೆ ಒಂಟಿಯಾಗಿ ಉಳಿದ ಮಗು ಮಾರನೆಯ ಬೆಳಗ್ಗೆ ಹೊರಡಲು ಒಪ್ಪುವುದಿಲ್ಲ.

ಮೊದಲ ವಾರಗಳಲ್ಲಿ ಮಗು ಮತ್ತೆ ಹಾಸಿಗೆ ಒದ್ದೆ ಮಾಡಬಹುದು, ಬೆರಳು ಚೀಪಬಹುದು, ಸಣ್ಣದಕ್ಕೂ ಹಟ ಹಿಡಿಯಬಹುದು. ಬೈಯಬೇಡಿರಿ, ಹೊರಗೆ ತಡೆದುಕೊಂಡದ್ದನ್ನು ಅದು ಮನೆಯಲ್ಲಿ ಇಳಿಸುತ್ತಿದೆ. ಆದರೆ ಒಂದೆರಡು ತಿಂಗಳಾದರೂ ಶಾಲೆಯಲ್ಲಿ ಯಾರಿಂದಲೂ ಸಮಾಧಾನ ಪಡೆಯದೆ, ತಿನ್ನದೆ, ಮಾತನಾಡದೆ ಮೂಲೆ ಹಿಡಿದಿದ್ದರೆ ಮಾತ್ರ ಉಪಾಧ್ಯಾಯಿನಿಯೊಡನೆ ಕುಳಿತು ಮಾತನಾಡಿರಿ. ಮಕ್ಕಳ ವೈದ್ಯರನ್ನೂ ಕಾಣಿರಿ. ಅಗತ್ಯ ಬಿದ್ದರೆ ಕೆಲವು ತಿಂಗಳು ಬಿಡಿಸಿ ಮತ್ತೆ ಸೇರಿಸುವುದರಲ್ಲಿ ನಾಚಿಕೆಯೇನೂ ಇಲ್ಲ.

ಹೋದ ವರ್ಷ ನನ್ನ ಮೊಮ್ಮಗಳನ್ನು ಶಿಶುವಿಹಾರಕ್ಕೆ ಸೇರಿಸಿದರು. ಅಂದು ಮರದ ಕುದುರೆಯ ಕಡೆ ತಿರುಗಿದ್ದ ನನ್ನ ಮಗ ಈಗ ತಂದೆ. ಒಂದು ವಾರ ರಜೆ ಹಾಕಿ ಮಗಳೊಡನೆ ಹೋಗಿ ಆ ಪುಟಾಣಿ ಕುರ್ಚಿಯ ಮೇಲೆ ಕುಳಿತ. ಮುಂದಿನ ವಾರ ನನ್ನ ಸರದಿ. ಜಗಲಿಯ ಬೆಂಚಿನ ಮೇಲೆ ಕುಳಿತು ಎರಡು ಜೊತೆ ಕಾಲುಚೀಲ ಹೆಣೆದೆ. ಒಂಬತ್ತನೆಯ ದಿನ ಎಲ್ಲವೂ ಕೆಟ್ಟು ಮೊದಲ ದಿನದಂತೆಯೇ ಅತ್ತಳು. ಓರಗಿತ್ತಿಯ ಮುಂದೆ ಹೇಳಿಕೊಳ್ಳುವಂಥದು ಏನೂ ಇರಲಿಲ್ಲ. ಹದಿಮೂರನೆಯ ದಿನ ಮನೆಗೆ ಬಂದವಳು ಚಪ್ಪಲಿ ಕಳಚುತ್ತ, "ಅಜ್ಜೀ, ನಾನು ಬಿದ್ದೆ. ಅತ್ತೆ. ಮಿಸ್ ಮೂಗು ಒರೆಸಿದರು" ಎಂದಳು. ಹೇಳಿ, ತಟ್ಟೆ ಹಾಕು ಎಂದು ಅಡಿಗೆಮನೆಗೆ ನಡೆದಳು.

ಮಾರನೆಯ ದಿನ ನಾನು ಹೆಣಿಗೆಯ ಚೀಲವನ್ನು ಮನೆಯಲ್ಲಿಯೇ ಬಿಟ್ಟು ಹೊರಟೆ.